ಸೋಲಾಪುರ ರೋಡಿನಲ್ಲಿ ಸುಮ್ಮನಿರುವ ಕಾರು ಗಾಂಧಿ ಚೌಕದಲ್ಲಿ ಯಾಕೆ ಕುದಿಯುತ್ತದೆ?

ಹಳೆಯ ಪೆಟ್ರೋಲ್ ಕಾರು, ಸೋಲಾಪುರದವರೆಗೆ ನೂರು ಕಿಲೋಮೀಟರ್ ಓಡಿಸಿದರೂ ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ, ವಾಪಸ್ ವಿಜಯಪುರಕ್ಕೆ ಬಂದು ಗಾಂಧಿ ಚೌಕದಲ್ಲಿ ಐದು ನಿಮಿಷ ನಿಂತರೆ ಮೇಲೇರುತ್ತದೆ, ಮೆಕ್ಯಾನಿಕ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಹೋಗಿದೆ ಅನ್ನುತ್ತಿದ್ದಾರೆ, ಬಿಚ್ಚಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನನಗೂ ಇದೇ ಊರಲ್ಲಿ ಇದೇ ಆಗಿತ್ತು.

ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಮೊದಲು ಗಾಳಿಯ ಮೇಲೆ ಅನುಮಾನ ಪಡಿ. ಹೈವೇಯಲ್ಲಿ ಎದುರುಗಾಳಿಯೇ ಎಂಜಿನ್ ನೀರನ್ನು ಆರಿಸುವ ರೇಡಿಯೇಟರನ್ನು ತಣ್ಣಗೆ ಇಡುತ್ತದೆ. ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಿಂತ ಮೇಲೆ ಆ ಕೆಲಸವೆಲ್ಲ ಫ್ಯಾನಿನದೇ. ಊರೊಳಗೆ ಸರಿ ಇದ್ದು ಹೈವೇಯಲ್ಲಿ ಸ್ಪೀಡ್ ಏರಿದಂತೆ ಬಿಸಿಯಾಗಿದ್ದರೆ ನಾನು ನೀರಿನ ಕಡೆ ನೋಡಿ ಅನ್ನುತ್ತಿದ್ದೆ: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್), ಸವೆದ ವಾಟರ್ ಪಂಪ್.

ನಾನು ಇದನ್ನು ಉಲ್ಟಾ ಕಲಿತೆ. ಗ್ಯಾರೇಜಿನವರು "ವಾಲ್ವ್ ತೆಗೆದು ಒಗದ್ ಬಿಡೂಣ್ರಿ ಸರ, ನಮ್ಮ ಬಿಸಿಲಿಗೆ ಅದ್ಯಾಕ ಬೇಕ್ರಿ" ಅಂತ ಥರ್ಮೋಸ್ಟಾಟ್ ತೆಗೆದರು. ಮೈಲೇಜ್ ಬಿತ್ತು, ಹೀಟ್ ಹಾಗೇ ಇತ್ತು. ಆಮೇಲೆ ವಾಟರ್ ಪಂಪ್ ಬದಲಾಯಿಸಿದೆ. ಅದೂ ದಂಡ. ಫ್ಯಾನ್ ನೋಡಿ ಅಂದರೆ "ತಿರಗಾಕತ್ತೈತಲ್ರಿ" ಅನ್ನುತ್ತಿದ್ದರು. ನಿಜ, ತಿರುಗುತ್ತಿತ್ತು.

ಗಾಡಿಯ ರೋಗ ಕಂಡುಹಿಡಿದವರು ನಮ್ಮ ಅವ್ವ. ಏಪ್ರಿಲ್ ಮಧ್ಯಾಹ್ನ, ಗೋಳಗುಮ್ಮಟದ ಮುಂದೆ ಜಾಮ್. ಹಿಂದಿನ ಸೀಟಿನಿಂದ, "ಗಾಡಿ ನಿಂತ ಕೂಡ್ಲೆ ಎಸಿ ಬಂದ್ ಮಾಡ್ತೀಯಲ್ಲೋ, ಉಳಿಸೂದು ಏನೈತಿ ಅದ್ರಾಗ?" ಅಂದರು. ನಾನು ಬಂದ್ ಮಾಡಿರಲಿಲ್ಲ. ನಿಂತಾಗ ಬೆಚ್ಚಗಿನ ಗಾಳಿ, ಹೊರಟ ಮೇಲೆ ತಣ್ಣಗಿನ ಗಾಳಿ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ. ಎರಡಕ್ಕೂ ನಿಂತಾಗ ಗಾಳಿ ಎಳೆಯುವುದು ಅದೇ ಫ್ಯಾನ್. ಎರಡೂ ಒಟ್ಟಿಗೆ ಸೋಲುತ್ತಿವೆ ಅಂದರೆ ಹೆಡ್ಡಿಗೂ ಇದಕ್ಕೂ ಏನು ಸಂಬಂಧ?

ಮರುದಿನ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಎಂಜಿನ್ ಚಾಲೂ ಇಟ್ಟು, ಫ್ಯಾನ್ ತಿರುಗುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.9 ವೋಲ್ಟ್, ಫ್ಯಾನಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಹತ್ತಿರ 9.4. ಕಪ್ಲರ್ ಬಿಚ್ಚಿ ಅಂಗೈ ಮೇಲೆ ಇಟ್ಟರು. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಒಳಗಿನ ಪಿನ್ ಸುಟ್ಟು ಕಪ್ಪಾಗಿತ್ತು. ಅಷ್ಟು ವೋಲ್ಟ್ ಅಲ್ಲೇ ಉರಿದು ಹೋಗುತ್ತಿತ್ತು. ಹೊಸ ಕಪ್ಲರ್, ಕೂಲಿ ಸೇರಿ 350 ರೂಪಾಯಿ. ಫ್ಯಾನಿನ ಸದ್ದೇ ಬೇರೆಯಾಯಿತು. ಥರ್ಮೋಸ್ಟಾಟ್ ಹೊಸದು ತಂದು ವಾಪಸ್ ಹಾಕಿಸಿದೆ. ಅದನ್ನು ತೆಗೆಯುವುದು ರಿಪೇರಿಯೇ ಅಲ್ಲ. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ನೀರು ರೇಡಿಯೇಟರ್ ಬಿಟ್ಟು ಅಡ್ಡದಾರಿಯಲ್ಲೇ ಸುತ್ತಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ.

ನೀವು ಮನೆ ಮುಂದೆಯೇ ನೋಡಬಹುದು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ. ಬಹಳಷ್ಟು ಕಾರುಗಳಲ್ಲಿ ಫ್ಯಾನ್ ಕೂಡಲೇ ಜೋರಾಗಿ ತಿರುಗಬೇಕು. ಕೈ ಮಾತ್ರ ದೂರ ಇರಲಿ, ಕೆಲವು ಕಾರಿನಲ್ಲಿ ಎಂಜಿನ್ ಬಂದ್ ಇದ್ದರೂ ಫ್ಯಾನ್ ತಾನೇ ಶುರುವಾಗುತ್ತದೆ. ತಿರುಗದಿದ್ದರೆ ಫ್ಯೂಸ್ ನೋಡಿ. ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚೇ ರಿಲೇ, ಅದೇ ನಂಬರಿನ ಬೇರೆ ರಿಲೇ ಫ್ಯೂಸ್ ಬಾಕ್ಸಿನಲ್ಲಿದ್ದರೆ ಅದಲು ಬದಲು ಮಾಡಿ ನೋಡಿ. ಆಗಲೂ ಇಲ್ಲವಾದರೆ ಎಲೆಕ್ಟ್ರಿಷಿಯನ್ ಕೈಲಿ ಬ್ಯಾಟರಿಯಿಂದ ಮೋಟಾರಿಗೆ ನೇರ ಕರೆಂಟ್ ಕೊಡಿಸಿ. ತಿರುಗಿದರೆ ದೋಷ ವೈರ್, ರಿಲೇ ಅಥವಾ ಸೆನ್ಸರಿನದು. ತಿರುಗದಿದ್ದರೆ ಮೋಟಾರಿನದು. ಎಸಿ ಹಾಕಿದಾಗ ತಿರುಗಿ, ಎಸಿ ಇಲ್ಲದೆ ಮುಳ್ಳು ಏರಿದರೂ ತಿರುಗದಿದ್ದರೆ ಮೊದಲು ಟೆಂಪರೇಚರ್ ಸೆನ್ಸರ್ ನೋಡಿಸಿ.

ಫ್ಯಾನ್ ಜೋರಾಗಿಯೇ ತಿರುಗುತ್ತಿದ್ದರೆ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ನಮ್ಮ ಕಡೆಯ ಧೂಳು, ಹುಳ, ಹೊಟ್ಟು ಅಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರು ಪ್ರೆಷರ್ ಹೊಡೆದರೆ ತೆಳ್ಳಗಿನ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ.

ಇನ್ನೊಂದು, ಬೋರಿನ ಸವಳು ನೀರು ಹಾಕಬೇಡಿ. ಬಿಂದಿಗೆ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ನೀರು ಬೆರೆಸಿ ಹಾಕುವ ಕೂಲಂಟ್ ಆದರೆ ಅದು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಸಾಕು.

ಅಲ್ಲಿಯವರೆಗೆ ಜಾಮ್‌ನಲ್ಲಿ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಫುಲ್ ಇಡಿ. ಬೆವರು ಇಳಿಯುತ್ತದೆ, ಆದರೆ ಎಂಜಿನ್ನಿನ ಬಿಸಿ ಒಂದಷ್ಟು ಆ ದಾರಿಯಲ್ಲಿ ಹೊರಬರುತ್ತದೆ. ಕೆಂಪು ಗೆರೆ ಮುಟ್ಟಿದರೆ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ಆರಿ ಮೆತ್ತಗಾಗುವ ತನಕ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ತೆರೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳು ಅನ್ನಲಾರೆ. ಹೀಗೇ ಹತ್ತು ಸಲ ಕುದಿಸಿದ್ದರೆ ಹೆಡ್ ಬೆಂಡ್ ಆಗಿರಲೂಬಹುದು. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದೆಯಾ, ಆಯಿಲ್ ಹಾಲು ಹಾಕಿದ ಚಹಾದಂತೆ ಆಗಿದೆಯಾ, ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆಯಾ ನೋಡಿ. ಇವು ಕಂಡರೆ ಬಿಚ್ಚಿಸಿ. ಆದರೆ ಬರೀ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಲೇತಿಗೆ ಕಳಿಸಿ, ಸಮ ಇದೆಯಾ ಅಂತ ನೀವೂ ಜೊತೆಗೆ ಹೋಗಿ ನೋಡಿ.