ತಣ್ಣಗಾಗುವಾಗ ಬಿಲ್ಲೆ ಬಿರುಕು ಬಿಡುವುದೇಕೆ?

ಪ್ರಶ್ನೆ: ಗ್ರಾಫೈಟ್ ಅಚ್ಚಿನಲ್ಲಿ ಸ್ಪಾರ್ಕ್ ಪ್ಲಾಸ್ಮಾ ವಿಧಾನದಿಂದ (ವಿದ್ಯುತ್ತಿನಿಂದ ಕಾಯಿಸುತ್ತಾ ಒತ್ತುವುದು) 20 ಮಿ.ಮೀ. ಅಲ್ಯೂಮಿನಾ ಸೆರಾಮಿಕ್ ಬಿಲ್ಲೆಗಳನ್ನು 1300 ಡಿಗ್ರಿ ಸೆಲ್ಸಿಯಸ್, 50 ಮೆಗಾಪ್ಯಾಸ್ಕಲ್‌ನಲ್ಲಿ ಸಿಂಟರ್ ಮಾಡುತ್ತೇವೆ, ಅಂದರೆ ಪುಡಿಯನ್ನು ಕರಗಿಸದೆ ಗಟ್ಟಿಯಾಗಿ ಬೆಸೆಯುತ್ತೇವೆ. ತಣ್ಣಗಾಗುವಾಗ ಬಿಲ್ಲೆಯೊಳಗೆ ಕಂಪ್ಯೂಟರ್ ಮಾದರಿ ತೋರಿಸುವ ಒತ್ತಡ ಅತ್ಯಲ್ಪ. ಆದರೂ ಬಿಲ್ಲೆ ಸೀಳುತ್ತದೆ. ತಪ್ಪೆಲ್ಲಿ?

ಉತ್ತರ: ಮೊದಲು ನಿಮ್ಮ ಮಾದರಿಯ ಆಧಾರ ತಾಪಮಾನ ನೋಡಿ. ಬಹಳಷ್ಟು ತಂತ್ರಾಂಶಗಳು ಕೋಣೆಯ ತಾಪವನ್ನೇ ಒತ್ತಡ ಶೂನ್ಯವೆಂದು ಹಿಡಿಯುತ್ತವೆ. ಇಲ್ಲಿ ಅದು ತಲೆಕೆಳಗು. ಗರಿಷ್ಠ ತಾಪದಲ್ಲಿ ಅಲ್ಯೂಮಿನಾ ಕ್ರೀಪ್‌ನಿಂದ (ಬಿಸಿಯಲ್ಲಿ ನಿಧಾನವಾಗಿ ಆಕಾರ ಬದಲಿಸುವುದರಿಂದ) ಒತ್ತಡವನ್ನು ಸಡಿಲಿಸಿಕೊಂಡಿರುತ್ತದೆ. ಕ್ರೀಪ್ ನಿಂತ ಮೇಲೆಯೇ ಒತ್ತಡ ಕೂಡಿಬರುವುದು. ಲೆಕ್ಕ ಅಲ್ಲಿಂದ ಕೆಳಕ್ಕೆ ಸಾಗಲಿ.

ಎರಡನೆಯದು ಘರ್ಷಣೆ, ನನ್ನ ಅನುಮಾನ ಇದರ ಮೇಲೆಯೇ ಹೆಚ್ಚು. ಅಲ್ಯೂಮಿನಾದ ಹಿಗ್ಗುವಿಕೆ ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 8 ಭಾಗ. ಗ್ರಾಫೈಟ್‌ನದು ಸಾಮಾನ್ಯವಾಗಿ 4-5. ಬಿಲ್ಲೆ ಹೆಚ್ಚು ಕುಗ್ಗಿ ಅಚ್ಚಿನ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ, ಆದರೆ ಮೇಲೆ ಕೆಳಗೆ ಒತ್ತಿ ನಿಂತ ಪಂಚ್‌ಗಳು (ಒತ್ತುವ ಗ್ರಾಫೈಟ್ ದಂಡಗಳು) ಅದನ್ನು ಕುಗ್ಗಲು ಬಿಡುವುದಿಲ್ಲ. 50 ಡಿಗ್ರಿಯಷ್ಟು ಕುಗ್ಗುವಿಕೆಯನ್ನು ಪೂರ್ತಿ ತಡೆದರೂ ಸಾಕು, ಸುಮಾರು 200 ಮೆಗಾಪ್ಯಾಸ್ಕಲ್ ಎಳೆತ! ಹಾಗಾಗಿ ಪಂಚ್ ಮುಖಗಳನ್ನು 'ಜಾರುವ ಸಂಪರ್ಕ' ಎಂದಲ್ಲ, ಘರ್ಷಣೆಯಿರುವ ಸಂಪರ್ಕವೆಂದು ಕೊಡಿ. ಯಂತ್ರದಲ್ಲಿ, ತಣಿಸಲು ಶುರುಮಾಡುತ್ತಲೇ ಭಾರ ಇಳಿಸಿ. ಬಿಲ್ಲೆ ಮತ್ತು ಪಂಚ್‌ಗಳ ನಡುವಿನ ಗ್ರಾಫೈಟ್ ಹಾಳೆ ಸುಕ್ಕಿಲ್ಲದೆ ಕೂತಿರಲಿ.

ಇನ್ನು ಪೈರೋಮೀಟರ್ (ಮುಟ್ಟದೆ ತಾಪ ಅಳೆಯುವ ಸಾಧನ) ನೋಡುವುದು ಅಚ್ಚಿನ ತಾಪವನ್ನೇ ಹೊರತು ಬಿಲ್ಲೆಯದನ್ನಲ್ಲ. ಅಲ್ಯೂಮಿನಾದಲ್ಲಿ ವಿದ್ಯುತ್ ಹರಿಯದು. ಪಂಚ್ ಮತ್ತು ಅಚ್ಚು ಕಾದು ಅದಕ್ಕೆ ಶಾಖ ಕೊಡುತ್ತವೆ. ಮಾದರಿಯಲ್ಲಿ ಸಂಪರ್ಕ ರೋಧವನ್ನು (ಭಾಗಗಳು ಕೂಡುವಲ್ಲಿ ವಿದ್ಯುತ್ತಿಗೂ ಶಾಖಕ್ಕೂ ಆಗುವ ತಡೆ) ಸೊನ್ನೆಯಾಗಿಸಿದರೆ ಈ ತಾಪದ ನಕ್ಷೆಯೇ ತಪ್ಪುತ್ತದೆ.