ಸಾಹುಕಾರರ ಮನೆ ಮುಂದಿನ ಕಾಂಟೆಸ್ಸಾ ಈಗ ನನಗೂ ಸಿಕ್ಕಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 43. ಚಿಕ್ಕವನಿದ್ದಾಗ ನಮ್ಮ ಬೀದಿಯ ಮಿಲ್ ಸಾಹುಕಾರರ ಮನೆ ಮುಂದೆ ಬಿಳಿ ಕಾಂಟೆಸ್ಸಾ ನಿಲ್ಲುತ್ತಿತ್ತು. ಶಾಲೆ ಬಿಟ್ಟು ಬರುವಾಗ ಅದರ ಬಾನೆಟ್ ಮುಟ್ಟಿಯೇ ಮನೆಗೆ ಹೋಗುತ್ತಿದ್ದೆ. ನನ್ನ ಪಾಲಿಗೆ ನಮ್ಮ ದೇಶದ ಮಸಲ್ ಕಾರ್ (ದೊಡ್ಡ ಮೈ, ಜೋರು ಎಂಜಿನ್ನಿನ ಅಮೆರಿಕನ್ ಮಾದರಿ ಕಾರು) ಅಂದ್ರೆ ಅದೇ. ಈಗ ಹರಿಹರದ ಹತ್ತಿರ ತೋಟದ ಶೆಡ್ಡಿನಲ್ಲಿ 1994ರ ಪೆಟ್ರೋಲ್ ಕಾಂಟೆಸ್ಸಾ ಕ್ಲಾಸಿಕ್ ಸಿಕ್ಕಿದೆ. ಒಂಬತ್ತು ವರ್ಷದಿಂದ ನಿಂತಿದೆ. ಮಾಲೀಕರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾರೆ. ಗೆಳೆಯರು ‘ಡೀಸೆಲ್ ಎಂಜಿನ್ ಕೂರಿಸು, ವಿಂಟೇಜ್ ನಂಬರ್ ಮಾಡಿಸು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಹಾಗಾದರೆ ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಉದ್ದ ಬಾನೆಟ್ ನೋಡಿ ಅಮೆರಿಕದ ಗಾಡಿ ಅಂದುಕೊಳ್ಳುವವರು ಬಹಳ. ಇದರ ವಂಶ ಇಂಗ್ಲೆಂಡಿನ ವಾಕ್ಸಲ್ ಕಾರು ಕಂಪನಿಯದು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಇದನ್ನು ಬಿಟ್ಟಾಗ ಒಳಗಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಮೈ ಪೈಲ್ವಾನನದು, ಉಸಿರು ಗುಮಾಸ್ತನದು. ನಿಮಗೆ ಸಿಕ್ಕಿರುವ ಕ್ಲಾಸಿಕ್‌ನಲ್ಲಿ ಇಸುಜು 1.8 ಲೀಟರ್ ಎಂಜಿನ್, ಐದು ಗೇರ್ ಇರಬೇಕು. ಒಳ್ಳೆಯ ಎಂಜಿನ್. ಹಾಗಾಗಿ ನನ್ನ ಚಿಂತೆ ಎಂಜಿನ್‌ದಲ್ಲ, ತಗಡಿನದು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಪ್ರೀಮಿಯರ್ ಪದ್ಮಿನಿ ಕಾರಿಗೆ ಮೂರು ತಿಂಗಳು ಎಂಜಿನ್ ಕೆಲಸ ಮಾಡಿಸಿ, ಬಣ್ಣವನ್ನೂ ಹೊಡೆಸಿದೆ. ಒಂದು ದಿನ ಟೈರ್ ಬದಲಿಸೋಣ ಅಂತ ಬಾಗಿಲ ಕೆಳಗೆ ಜಾಕ್ ಕೊಟ್ಟೆ. ಕಾರು ಏಳಲಿಲ್ಲ, ಜಾಕ್ ಒಳಗೆ ಹೋಯಿತು! ಹಪ್ಪಳ ಮುರಿದ ಸದ್ದು. ಪೇಂಟರ್ ಅಲ್ಲಿ ತಗಡಿನ ಬದಲು ಬರೀ ಪುಟ್ಟಿ ತುಂಬಿದ್ದ.

ಅದಕ್ಕೇ ಒಂದು ಸಣ್ಣ ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಒಯ್ಯಿರಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ಬುಡ, ಇಲ್ಲೆಲ್ಲ ಮೆಲ್ಲಗೆ ಜಾರಿಸಿ. ಹಿಡಿಯುತ್ತಾ ಬಂದದ್ದು ಒಂದು ಕಡೆ ಥಟ್ಟನೆ ಕೈಬಿಟ್ಟರೆ ಅಲ್ಲಿ ದಪ್ಪ ಪುಟ್ಟಿ ಇದೆ ಅಂತ. ಆಮೇಲೆ ಒಳಗಿನ ಕಾರ್ಪೆಟ್ ಎತ್ತಿ, ಡಿಕ್ಕಿಯ ಸ್ಟೆಪ್ನಿ ತೆಗೆದು, ಸ್ಕ್ರೂಡ್ರೈವರ್ ತುದಿಯಿಂದ ನೆಲ ಒತ್ತಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ತುದಿ ಒಳಗಿಳಿದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಆದಷ್ಟೂ ಮಿಗ್ ವೆಲ್ಡಿಂಗ್ (ಕರೆಂಟಿನಲ್ಲಿ ತಂತಿ ಕರಗಿಸಿ ಬೆಸೆಯುವುದು) ಮಾಡಿಸಿ. ಗ್ಯಾಸ್ ವೆಲ್ಡಿಂಗ್ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ.

ಕೀ ತಿರುಗಿಸಿ ನೋಡುವ ಚಪಲ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಬಿಡಿ. ಆಮೇಲೆ ಎಂಜಿನ್ ಮುಂದೆ ಬೆಲ್ಟ್ ಓಡುವ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದಿರಿ. ಟ್ಯಾಂಕಿನ ಹಳೇ ಪೆಟ್ರೋಲ್ ಕಾರ್ಬುರೇಟರಿಗೆ ಹೋಗುವ ಮೊದಲೇ ತೆಗೆಯಿರಿ. ಬ್ರೇಕಿನ ರಬ್ಬರ್ ಸಾಮಾನು ಚೆನ್ನಾಗಿ ಕಂಡರೂ ಪೂರ್ತಿ ಬದಲಿಸಿ. ಇಲ್ಲಿ ಉಳಿತಾಯ ಬೇಡ.

ಬಿಡಿಭಾಗದ ವಿಷಯ. ಈ ಕಾರು 2002ರಲ್ಲೇ ನಿಂತಿತು. ಬುಷ್, ಪಿನ್ ಬೇಕಾದರೆ ಕಡೆಸಬಹುದು. ಹರಿಹರ ಅಂದ್ರೆ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಾಡುತ್ತಿದ್ದ ಊರು, ಆ ಕೆಲಸ ಬಲ್ಲ ಕೈಗಳು ಸಿಗುತ್ತವೆ. ಆದರೆ ಗಾಜು, ಹಿಂದಿನ ಲೈಟು, ಬೀಡಿಂಗ್ (ಅಂಚಿನ ಪಟ್ಟಿ) ಯಾರೂ ಕಡೆದು ಕೊಡಲಾರರು. ಅವು ಗಾಡಿಯಲ್ಲೇ ಇವೆಯಾ ನೋಡಿ, ಇಲ್ಲದಿದ್ದರೆ ರೇಟು ಇಳಿಸಿ.

ಗೆಳೆಯರ ಎರಡೂ ಸಲಹೆ ಬಿಡಿ. ಕಾಂಟೆಸ್ಸಾ ಡೀಸೆಲ್‌ನಲ್ಲೂ ಬಂದಿತ್ತು, ನಿಜ. ಆದರೆ ನಿಮ್ಮ ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ. ಸುಮ್ನೆ ಎಂಜಿನ್ ಬದಲಿಸಿದರೆ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇನ್ನು ವಿಂಟೇಜ್. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ನಿಮ್ಮ ಗಾಡಿಗೆ ಅದು 2044ಕ್ಕೆ.

ಕಾಗದದ ಕೆಲಸ ಮಗನ ಕೈಲೇ ಮಾಡಿಸಿ. ಮೊದಲು ಮರಣ ಪತ್ರದ ಜೊತೆ ಫಾರಂ 31 ಕೊಟ್ಟು ಗಾಡಿ ಅವರ ಹೆಸರಿಗೆ ಬರಲಿ. ಆಮೇಲೆ 29 ಮತ್ತು 30ರಲ್ಲಿ ನಿಮಗೆ. ನೋಂದಣಿ ನವೀಕರಣಕ್ಕೆ ಫಾರಂ 25. 20 ವರ್ಷ ದಾಟಿದ ಕಾರಿಗೆ 2025ರಿಂದ ಈ ಶುಲ್ಕ 10,000 ರೂಪಾಯಿ ಆಗಿದೆ, ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ ಬೇರೆ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಒಂದು ಅಂಕಿ ತಪ್ಪಿದರೂ ವಾಪಸ್ ಬನ್ನಿ, ಗಾಡಿ ಎಷ್ಟೇ ಚಂದ ಇರಲಿ.

ಬಣ್ಣ ಕೊನೆಗೆ. ಬಿಳಿಯೇ ಹೊಡೆಸುತ್ತೀರಿ ಅಂತ ಗೊತ್ತು.

ಹೋಗುವಾಗ ಟಾರ್ಚ್, ಒಂದು ಹಳೇ ಪಂಚೆಯೂ ಇರಲಿ, ಕಾರಿನ ಕೆಳಗೆ ಮಲಗಬೇಕಾಗುತ್ತದೆ. ತೋಟದ ಶೆಡ್ಡು, ಒಂಬತ್ತು ವರ್ಷ ಬೇರೆ. ಮಲಗುವ ಮೊದಲು ಒಂದು ಕೋಲಾಡಿಸಿ ಹಾವಿದೆಯಾ ನೋಡಿ.