ಅಟ್ಟದಲ್ಲಿ ಸಿಕ್ಕ ತಗಡಿನ ಟ್ರೇ, ಅದರ ಮೇಲಿನ ಮುಖ

ಪ್ರಶ್ನೆ: ನಮ್ಮ ಮಾವನವರು ಮುಂಬಯಿಯ ಫೋರ್ಟ್‌ನಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದರು. ಈಚೆಗೆ ಡೊಂಬಿವಲಿಯ ಮನೆಯ ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರೇ ಒಂದು ಸಿಕ್ಕಿತು. ಅದರಲ್ಲಿ ದೊಡ್ಡ ಟೋಪಿ ಹಾಕಿದ ಪರದೇಶದ ಹೆಂಗಸು, ಕೈಯಲ್ಲಿ ಲೋಟ. ಚೋರ್ ಬಜಾರಿನ ವ್ಯಾಪಾರಿಯೊಬ್ಬರು ನೂರು ವರ್ಷ ಹಳೆಯದು ಅಂತಾರೆ. ನಿಜವೇ? ತುಕ್ಕು ತೆಗೆಯುವುದು ಹೇಗೆ?

ಉತ್ತರ: ಅಕ್ಕಾ, ಟ್ರೇಯನ್ನು ಇನ್ನೂ ತೊಳೆದಿಲ್ಲ ತಾನೇ? ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ ಪುಡಿ, ತೆಂಗಿನ ನಾರು ಯಾವುದೂ ಬೇಡ. ಎಷ್ಟೋ ವರ್ಷದ ಹಿಂದೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಇಂಥದ್ದೇ ಟ್ರೇ ಕೊಂಡು ತಂದು ಸೋಪಿನ ನೀರಿನಲ್ಲಿ ನೆನೆಹಾಕಿದ್ದೆ. ಒರೆಸಿದಾಗ ಆಕೆಯ ಎಡಗೆನ್ನೆ ಬಟ್ಟೆಗೆ ಬಂತು. ಬಣ್ಣದ ಅಡಿಯಲ್ಲಿ ತುಕ್ಕು ನುಗ್ಗಿದ್ದು ನನಗೆ ತಿಳಿದಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ಇಂಥ ಟ್ರೇಗಳಲ್ಲಿ ಬೆಲೆ ಇರುವುದೇ ಮುಖಕ್ಕೆ. ಅಂಚು ಸವೆದಿದ್ದರೆ ನಡೆಯುತ್ತದೆ, ಕೆನ್ನೆಯ ಮೇಲೆ ಗೀರು ಬಿದ್ದರೆ ಹೋಯಿತು.

ಈಗ ವಯಸ್ಸಿನ ವಿಷಯ. ಹಳೆಯ ಟ್ರೇಗಳ ಚಿತ್ರವನ್ನು ಕಲ್ಲಿನ ಮೇಲೆ ಬರೆಯುತ್ತಿದ್ದರು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಲ್ಲೂ ಗಟ್ಟಿ, ತಗಡೂ ಗಟ್ಟಿ, ನೇರ ಒತ್ತಿದರೆ ಶಾಯಿ ಸರಿಯಾಗಿ ಕೂರುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ಇದಕ್ಕೆ ದಾರಿ ಹುಡುಕಿದರು. ಚಿತ್ರ ಮೊದಲು ಮೆತ್ತನೆಯ ಹೊದಿಕೆ ಇದ್ದ ಉರುಳೆಗೆ, ಅಲ್ಲಿಂದ ತಗಡಿಗೆ. ಬಣ್ಣವನ್ನು ಬಿಸಿಯಲ್ಲಿ ಒಣಗಿಸಿ, ವಾರ್ನಿಶ್ ಬಳಿದು, ಆಮೇಲೆ ತಗಡನ್ನು ಅಚ್ಚಿನಲ್ಲಿ ಒತ್ತಿ ಟ್ರೇ ಮಾಡುತ್ತಿದ್ದರು. ಅದಕ್ಕೇ ಬಣ್ಣ ಮೊದಲು ಬಿರುಕು ಬಿಡುವುದು ತಗಡು ಬಾಗಿದ ಜಾಗದಲ್ಲಿ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ತಗೊಂಡು ಕೆನ್ನೆಯನ್ನು ನೋಡಿ. ಚುಕ್ಕೆಗಳು ಕೈಯಿಂದ ಇಟ್ಟ ಹಾಗೆ ದೊಡ್ಡದು ಚಿಕ್ಕದಾಗಿ, ಅಲ್ಲಲ್ಲಿ ಒತ್ತಾಗಿದ್ದರೆ ಹಳೆಯ ಕಲ್ಲಚ್ಚು ಇರಬಹುದು. ಸಾಲು ಹಿಡಿದು, ಹೂವಿನ ಹಾಗೆ ಗುಂಪುಗೂಡಿದ ಚುಕ್ಕೆಗಳಾದರೆ ಈಚಿನ ಮುದ್ರಣ ಅಂತಲೇ ಅನುಮಾನ ಪಡಿ. ಕೋಕಾ-ಕೋಲಾದ ಹಳೆಯ ಜಾಹೀರಾತು ಟ್ರೇಗಳ ನಕಲುಗಳು 1970ರ ದಶಕದಲ್ಲಿ ರಾಶಿ ರಾಶಿ ಬಂದವು. 1900ರ ಆಸುಪಾಸಿನಲ್ಲಿ ಆ ಕಂಪನಿಯ ಜಾಹೀರಾತಿನಲ್ಲಿದ್ದ ಗಾಯಕಿ ಹಿಲ್ಡಾ ಕ್ಲಾರ್ಕ್‌ ಅವರ ಮುಖವೂ ಹೀಗೆ ಮತ್ತೆ ಅಚ್ಚಾಗಿದೆ. ಟ್ರೇಯ ಕೆಳ ಅಂಚನ್ನೂ ಬೆಳಕಿಗೆ ಹಿಡಿಯಿರಿ. ಅಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು ಇರಬಹುದು. ಅಮೆರಿಕದ ಓಹಾಯೋದ ಕೊಶಾಕ್ಟನ್ ಊರಿನ ಹೆಸರು ಕಂಡರೆ ಖುಷಿಪಡಿ, ಇಂಥ ಟ್ರೇಗಳಿಗೆ ಆ ಊರು ಹೆಸರುವಾಸಿ. ಆದರೆ ಹೆಸರನ್ನೂ ನಕಲು ಮಾಡುತ್ತಾರೆ, ಚುಕ್ಕೆ ನೋಡದೆ ನಂಬಬೇಡಿ.

ಯಾರಾದರೂ ಇದು ರವಿವರ್ಮ ಪ್ರೆಸ್ಸಿನದು ಎಂದರೆ ಜಾಸ್ತಿ ಹಣ ಕೊಡಬೇಡಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋನಾವಳದ ಹತ್ತಿರದ ಮಳವಲಿಗೆ ಹೋದ ಆ ಪ್ರೆಸ್ ಹೆಸರಾದದ್ದು ಕಾಗದದ ಚಿತ್ರಗಳಿಗೆ.

ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ಸಡಿಲ ತುಕ್ಕನ್ನು ಹಿಂಬದಿಯಲ್ಲಿ ಮಾತ್ರ ಮೆಲ್ಲಗೆ ಉಜ್ಜಿ. ಮುಖದ ಕಡೆಯ ತುಕ್ಕನ್ನು ಇದ್ದ ಹಾಗೇ ಬಿಟ್ಟುಬಿಡಿ. ಹೊಸ ಬಣ್ಣ ಹಚ್ಚಿಸುವ ಯೋಚನೆಯಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಒಳಗೇ ಬೆವರುತ್ತದೆ. ನಮ್ಮ ಮಳೆಗಾಲದಲ್ಲಿ ಹೊರಗೋಡೆ ತೇವ ಹಿಡಿಯುತ್ತದೆ, ಅಲ್ವಾ? ಹಾಗಾಗಿ ಬಿಸಿಲು ಬೀಳದ ಒಳಗೋಡೆಗೆ, ಗೋಡೆಗೂ ಟ್ರೇಗೂ ನಡುವೆ ಬೆರಳಿನಷ್ಟು ಜಾಗ ಬಿಟ್ಟು ತೂಗುಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಇಳಿಸಿ ಹಿಂಬದಿ ನೋಡಿ.